ಹಳೆ ಕ್ಯಾಸೆಟ್ ಡೆಕ್ ಕೊಳ್ಳುವ ಮುಂಚೆ ಕೊಳಲು ಕೇಳಿ ನೋಡಿ

ಚಿಕ್ಕಮಗಳೂರಲ್ಲಿ ಹಳೆ ಕ್ಯಾಸೆಟ್ ಡೆಕ್ ನೋಡಲು ಹೋಗುತ್ತಿದ್ದರೆ, ಕೊಳಲಿನ ಕ್ಯಾಸೆಟ್ ಒಂದನ್ನು ಜೇಬಲ್ಲಿ ಇಟ್ಟುಕೊಳ್ಳಿ. ಸಿನಿಮಾ ಹಾಡು ಬೇಡ, ತಾಳದ ಅಬ್ಬರದಲ್ಲಿ ದೋಷ ಮುಚ್ಚಿಹೋಗುತ್ತದೆ. ಕೊಳಲಿನ ಉದ್ದ ಸ್ವರ ಅಲೆಅಲೆಯಾಗಿ ನಡುಗಿದರೆ, ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಒಂದೇ ಸಮನೆ ಓಡುತ್ತಿಲ್ಲ ಎಂದರ್ಥ. ಹೆಚ್ಚಾಗಿ ಬೆಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಟೇಪನ್ನು ಒತ್ತಿ ಎಳೆಯುವ ರಬ್ಬರ್ ರೋಲರ್ ಗಟ್ಟಿಯಾಗಿರುತ್ತದೆ. ಟಾರ್ಚ್ ಬೆಳಕು ಬಿಟ್ಟು ನೋಡಿ. ರೋಲರ್ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ದನಿ ಮಂಕಾಗಿದೆ ಅಂತ ಸುಮ್ನೆ ಬಿಟ್ಟು ಬರಬೇಡಿ. ಟೇಪಿನಿಂದ ದನಿ ಓದುವ ಹೆಡ್ ಮೇಲೆ ಕಂದು ಪುಡಿ ಕೂತಿರಬಹುದು. ಹತ್ತಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ, ಎಷ್ಟೋ ಸಲ ಗೆಜ್ಜೆಯ ಸಣ್ಣ ದನಿಯೂ ವಾಪಸ್ ಬರುತ್ತದೆ. ನಮ್ಮ ಮಳೆಗಾಲದಲ್ಲಿ ಬೂಷ್ಟು ಜಾಸ್ತಿ ಅಲ್ವಾ? ಬಿಳಿ ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ಒಳ್ಳೆ ಡೆಕ್ಕಿಗೆ ಹಾಕಲೇಬೇಡಿ.