ಜೀನ್ಸ್ ತುಂಡಿನ ಕೌದಿ: ಪೀಸ್ ರೇಟ್ ಬಿಟ್ಟು ದಿನಗೂಲಿಗೆ ಬಂದದ್ದು

ದಿನಗೂಲಿ ಕೊಟ್ಟರೆ ಹೊಲಿಗೆ ಘಟಕ ಆರು ತಿಂಗಳೂ ಉಳಿಯುವುದಿಲ್ಲ ಎಂದು ಬಳ್ಳಾರಿಯಲ್ಲಿ ಜೀನ್ಸ್ ಘಟಕ ನಡೆಸುವ ನನ್ನ ಪರಿಚಿತರೆಲ್ಲ ಹೇಳಿದ್ದರು. ಎಂಟು ಜನ ಹೆಂಗಸರಿಗೆ ದಿನಗೂಲಿಯನ್ನೇ ಕೊಟ್ಟು, ಕಟಿಂಗ್ ಟೇಬಲ್ಲಿನಿಂದ ಬಿದ್ದ ಡೆನಿಮ್ (ಜೀನ್ಸ್ ಬಟ್ಟೆ) ತುಂಡುಗಳಲ್ಲಿ ಕೌದಿ, ಅಂದರೆ ಪದರು ಪದರಾಗಿ ಹೊಲಿದ ಹೊದಿಕೆ, ಹೊಲಿಸಿ, 2024-25ರಲ್ಲಿ ಮೊದಲ ಬಾರಿಗೆ ಲಾಭ ಕಂಡ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳನ್ನು ನೆನಪಿನಿಂದ ಕೊಟ್ಟಿರುವುದರಿಂದ ನೂರಿನ್ನೂರು ಆಚೀಚೆ ಇರಬಹುದು.

2021ರಲ್ಲಿ ಆರಂಭಿಸಿದಾಗ ನಾನೂ ಎಲ್ಲರಂತೆ ಪೀಸ್ ರೇಟನ್ನೇ ಇಟ್ಟಿದ್ದೆ. ಒಂದು ಕೌದಿಗೆ 600 ರೂಪಾಯಿ ಕೊಡುತ್ತಿದ್ದೆ. ತಿಂಗಳಿಗೆ ಅರವತ್ತರ ಹತ್ತಿರ ಬರುತ್ತಿದ್ದವು. ಆದರೆ ಬೇಗ ಮುಗಿಸುವ ಆತುರದಲ್ಲಿ ಹೊಲಿಗೆ ಅಗಲವಾಗಿ, ಎರಡೇ ಒಗೆತಕ್ಕೆ ಒಳಗಿನ ಸೀರೆಯ ಪದರು ಮುದ್ದೆಯಾಗಿ ಒಂದು ಮೂಲೆಗೆ ಸೇರುತ್ತಿತ್ತು. ಮೂರರಲ್ಲಿ ಒಂದು ಹಿಂದಿರುಗಿ ಬರುತ್ತಿತ್ತು. ಎಲ್ಲರಿಗಿಂತ ಸೊಗಸಾಗಿ ಹೊಲಿಯುವ ಅರವತ್ತು ದಾಟಿದ ಇಬ್ಬರು ಅಜ್ಜಿಯರಿಗೆ ದಿನಕ್ಕೆ ನೂರು ರೂಪಾಯಿಯೂ ಗಿಟ್ಟುತ್ತಿರಲಿಲ್ಲ. ನನಗೆ ಹೆಚ್ಚು ನಾಚಿಕೆ ತಂದದ್ದು ಇದೇ. ಆ ವರ್ಷದ ನಷ್ಟ ಸುಮಾರು 1.8 ಲಕ್ಷ. ಮುದ್ರಾ ಯೋಜನೆಯ ಕಿಶೋರ್ ವರ್ಗದಲ್ಲಿ ಪಡೆದ ಎರಡು ಲಕ್ಷದ ಸಾಲ ಅಲ್ಲಿಗೇ ಕರಗಿ, ನನ್ನ ಬಳೆಗಳು ಅಡವಿಗೆ ಹೋದವು.

ಬಣ್ಣದ ಕಾಟ ಬೇರೆಯದೇ ಆಗಿತ್ತು. ನೀಲಿ ಬಣ್ಣ ನೂಲಿನ ಹೊರಮೈಯಲ್ಲಷ್ಟೇ ಕುಳಿತಿರುವುದರಿಂದ ಹೊಸ ಡೆನಿಮ್ ಉಜ್ಜಿದಲ್ಲೆಲ್ಲ ಅಂಟುತ್ತದೆ. ಒಮ್ಮೆ ಬಾಣಂತನಕ್ಕೆಂದು ಕೊಂಡವರ ಮಗುವಿನ ಬಿಳಿ ಅಂಗಿಯೇ ನೀಲಿಯಾಯಿತು. ಉಪ್ಪು, ಪಟಿಕ, ವಿನೆಗರ್ ಎಲ್ಲವನ್ನೂ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಕೊನೆಗೆ ಮೇಲ್ಪದರಕ್ಕೆ ಹಸಿ (ಇನ್ನೂ ತೊಳೆಯದ) ತುಂಡುಗಳನ್ನು ಬಿಟ್ಟು, ವಾಷಿಂಗ್ ಆದ ನಂತರ ರಿಜೆಕ್ಟ್ ಆದ ಪ್ಯಾಂಟುಗಳ ಕಾಲುಗಳನ್ನು ಬಳಸತೊಡಗಿದೆ. ಹಸಿ ತುಂಡುಗಳನ್ನೂ ಈಗ ಒಂದು ಕ್ರಮದಲ್ಲಿ ತೊಳೆದು ಅಂಚಿಗೆ ಹಾಕುತ್ತೇವೆ. ಆ ಕ್ರಮವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ನಾನು ತೆತ್ತ ಬೆಲೆ ಬಹಳ.

ದಪ್ಪ ಡೆನಿಮ್ಮಿಗೆ ಕೈಸೂಜಿ ಇಳಿಯುವುದಿಲ್ಲ, ಬೆರಳು ಒಡೆಯುತ್ತದೆ. ಆದ್ದರಿಂದ ಷರ್ಟಿಗೆ ಬರುವ ತೆಳು ಬಟ್ಟೆಯನ್ನೂ ಸವೆದ ಪ್ಯಾಂಟನ್ನೂ ಮಾತ್ರ ಆರಿಸಿ, ಮೇಲ್ಪದರವನ್ನು ಮಷೀನಿನಲ್ಲಿ ಜೋಡಿಸಿ, ಕೈಹೊಲಿಗೆಯನ್ನು ಕೊನೆಗೆ ಇಟ್ಟುಕೊಂಡೆವು. ಲೈಕ್ರಾ (ಎಳೆದರೆ ಹಿಗ್ಗುವ ನೂಲು) ಇರುವ ತುಂಡು ಒಂದು ಸೇರಿದರೂ ಇಡೀ ಕೌದಿ ಸುಕ್ಕುಗಟ್ಟುತ್ತದೆ; ಎಳೆದು ನೋಡದೆ ಯಾವುದನ್ನೂ ಒಳಗೆ ಬಿಡುವುದಿಲ್ಲ.

2022ರ ದೀಪಾವಳಿಯ ನಂತರ ದಿನಗೂಲಿಗೆ ಬಂದೆ. ಉದ್ಯೋಗ ಖಾತರಿಯ ಕೂಲಿಗಿಂತ ಕಡಿಮೆ ಕೊಡಬಾರದೆಂಬುದೊಂದೇ ನನ್ನ ನಿಯಮವಾಗಿತ್ತು; 2024-25ರಲ್ಲಿ ಅದು ನಮ್ಮ ರಾಜ್ಯದಲ್ಲಿ 349 ರೂಪಾಯಿ ಇದ್ದಾಗ ನಾವು 360 ಕೊಟ್ಟೆವು. ಮೊದಲ ತಿಂಗಳು ಬಂದದ್ದು ಮೂವತ್ತೈದೇ ಕೌದಿ, ಹೇಳಿದವರೆಲ್ಲ ನಕ್ಕರು. ನಿಧಾನವಾಗಿ ಅದು ನಲವತ್ತೆರಡರ ಸುತ್ತ ನಿಂತಿತು, ಹಿಂದಿರುಗಿ ಬರುವುದು ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. 2024-25ರಲ್ಲಿ ಒಂದು ಕೌದಿಗೆ ನಾಲ್ಕೂವರೆ ಆಳಿನ ಕೂಲಿ ಸುಮಾರು 1,600, ಬಟ್ಟೆ, ನೂಲು, ತೊಳೆತ, ಸಾಗಣೆ ಸೇರಿ 400, ಮಾರಾಟ 2,400 ಇತ್ತು. ಉಳಿದ 400ರಲ್ಲಿ ಬಾಡಿಗೆ, ಕರೆಂಟು, ಸಾಲದ ಕಂತು ತೆಗೆದರೆ ಕೈಗೆ ಹತ್ತಿದ್ದು ಅಲ್ಪವೇ ಆದರೂ ಅದು ಲಾಭವೇ.

ನಡುವೆ ಚಿಂದಿಯನ್ನು ಪುಡಿಮಾಡಿಸಿ ದಿಂಬಿಗೆ ತುಂಬುವ ಪ್ರಯೋಗಕ್ಕೆ ಇಪ್ಪತ್ತು ಸಾವಿರ ಸುಟ್ಟುಕೊಂಡೆ. ದಿಂಬು ಕಲ್ಲಾಯಿತು, ಧೂಳಿಗೆ ಒಬ್ಬಾಕೆಗೆ ಕೆಮ್ಮು ಹತ್ತಿತು, ನಿಲ್ಲಿಸಿದೆ. ಕಾಲೊರಸು ಮಾತ್ರ ಚೆನ್ನಾಗಿ ಹೋಗುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಕೌದಿಯನ್ನು ಯಾರೂ ಹೊದೆಯುವುದಿಲ್ಲವಾದ್ದರಿಂದ ಮಾರ್ಚಿನಿಂದ ಅದನ್ನೇ ಜಮಖಾನೆಯ ಅಳತೆಗೆ ಹೊಲಿದು ಹಾಸುಗೆಯಾಗಿ ಮಾರುತ್ತೇವೆ. ಈ ಉಪಾಯ ಆ ಅಜ್ಜಿಯರಲ್ಲೊಬ್ಬರದು.

ಊರಿನ ಚಿಂದಿಯನ್ನೆಲ್ಲ ಉಳಿಸುತ್ತೇನೆಂದು ನಾನು ಹೇಳಿಕೊಳ್ಳುವುದಿಲ್ಲ. ತಿಂಗಳಿಗೆ ಒಂದು ಕ್ವಿಂಟಲ್ಲಿನಷ್ಟು ಮಾತ್ರ ನಮ್ಮಲ್ಲಿಗೆ ಬರುತ್ತದೆ. ಬಳೆಗಳಲ್ಲಿ ಎರಡನ್ನು ಬಿಡಿಸಿಕೊಂಡಿದ್ದೇನೆ, ಎರಡು ಇನ್ನೂ ಅಡವಿನಲ್ಲೇ ಇವೆ.