ಕಾಡಂಚಿನ ಕ್ಯಾಂಪ್: ಮಣ್ಣು ಕೊಚ್ಚಿ ಹೋಗುವುದು ನಿಂತದ್ದು ಹೀಗೆ

ನಾವು ಉಡುಪಿಯ ಗೆಳೆಯರು, ಹೆಬ್ರಿ ಹತ್ತಿರ ಪರಿಚಯದವರ ತೋಟದಂಚಿನಲ್ಲಿ ಚಾರಣಿಗರಿಗೆ ಕ್ಯಾಂಪ್ ಹಾಕುತ್ತೇವೆ. ಮೊದಲ ವರ್ಷ ತರಗೆಲೆ ಗುಡಿಸಿ, ಟೆಂಟ್ ಸುತ್ತ ಕಣಿ ತೋಡಿದೆವು. ಅದೇ ತಪ್ಪಾಯ್ತು. ಒಂದೇ ಮಳೆಗೆ ಕೆಂಪು ಮಣ್ಣು ಹಳ್ಳಕ್ಕಿಳಿಯಿತು, ಹಲಸಿನ ಬೇರು ಮೇಲೆದ್ದು ಕಂಡಿತು. ನೋಡಿ ಹೊಟ್ಟೆ ಉರಿಯಿತು. ಮಳೆಕಾಡಿನ ಮಣ್ಣಿನ ಸತ್ವ ಜಾಸ್ತಿ ಇರುವುದೇ ಮೇಲಿನ ತೆಳು ಪದರದಲ್ಲಿ. ತರಗೆಲೆ ಅದಕ್ಕೆ ಹೊದಿಕೆ ಅಲ್ವಾ?

ಈಗ ಕಣಿಯೇ ಇಲ್ಲ. ಕಲ್ಲುಗಳ ಮೇಲೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಜೋಡಿಸಿ ಒಂದೂವರೆ ಅಡಿ ಎತ್ತರದ ಅಟ್ಟ ಕಟ್ಟುತ್ತೇವೆ. ಟೆಂಟ್ ಅದರ ಮೇಲೆ. ನೀರು ಅಡಿಯಿಂದ ಹರಿಯುತ್ತದೆ, ಇಂಬಳದ ಕಾಟವೂ ಕಡಿಮೆ. ಮೊಳೆ ಬೇಡ, ತೆಂಗಿನ ನಾರಿನ ಹಗ್ಗ ಸಾಕು. ಪಾತ್ರೆ ತೊಳೆಯುವುದು, ಶೌಚ ಎಲ್ಲ ಹಳ್ಳದಿಂದ 60 ಮೀಟರ್ ಆಚೆ.

ಕಳೆದ ವಾರ ನೋಡಿದೆ: ದಬ್ಬೆ ತೆಗೆದ ಜಾಗದಲ್ಲಿ ಪುಟ್ಟ ಸಸಿಗಳು ಎರಡೆಲೆ ಬಿಟ್ಟಿದ್ದವು.