ಹಳೆಯ ಸ್ಟೀರಿಯೊಗೆ ವೈಫೈ ಹಾಡು: ನನ್ನ ಅನುಭವ

ನನ್ನ ಆಂಪ್ಲಿಫೈಯರ್‌ ಬ್ಲೂಟೂತ್, ವೈಫೈ ಯಾವುದನ್ನೂ ಕಂಡಿಲ್ಲ. ಆದರೆ ಬೆನ್ನಿನಲ್ಲಿ ‘ಆಕ್ಸ್’ ಎಂದು ಬರೆದ ಕೆಂಪು, ಬಿಳಿ ಸಾಕೆಟ್‌ಗಳ ಜೋಡಿ ಇದೆ. ಅಷ್ಟು ಸಾಕು. ಆಕ್ಸ್ ಖಾಲಿ ಇಲ್ಲದಿದ್ದರೆ ಸಿಡಿ, ಟ್ಯೂನರ್ ಇನ್‌ಪುಟ್ ಕೂಡ ನಡೆಯುತ್ತದೆ. ‘ಫೋನೊ’ ಮಾತ್ರ ಬೇಡ. ಅದು ರೆಕಾರ್ಡ್ ಪ್ಲೇಯರ್‌ನ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟ್‌ಗಳನ್ನು ಸುಮಾರು ನೂರು ಪಟ್ಟು ಹಿಗ್ಗಿಸಿ, ಬಾಸ್ ಏರಿಸಿ ಟ್ರೆಬಲ್ ಇಳಿಸುವ ದಾರಿ. ಅಲ್ಲಿಗೆ ಮಾಮೂಲಿ ಲೈನ್ ಸಿಗ್ನಲ್ ಕೊಟ್ಟರೆ ಬರುವುದು ಒಡಕು ದನಿ.

ಸುಲಭದ ಉಪಾಯ ಎಂದರೆ ಒಂದು ಬ್ಲೂಟೂತ್ ರಿಸೀವರ್. ಅದರ ದನಿಯ ಬಗ್ಗೆ ನನ್ನ ತಕರಾರು ಅಷ್ಟಾಗಿ ಇಲ್ಲ. ಒಳ್ಳೆಯ ಬಿಟ್‌ರೇಟ್‌ನ ಎಸ್‌ಬಿಸಿಗೂ (ಬ್ಲೂಟೂತ್ ಹಾಡನ್ನು ಕುಗ್ಗಿಸಿ ಕಳಿಸುವ ಮಾಮೂಲಿ ವಿಧಾನ) ಸಿಡಿಗೂ ವ್ಯತ್ಯಾಸ ಹುಡುಕಲು ಕಿವಿಯನ್ನು ತುಸು ಹಿಂಸಿಸಬೇಕಾಗುತ್ತದೆ. ತೊಂದರೆ ಬೇರೆ: ಹಾಡು ಹರಿಯುವುದು ಫೋನಿನಿಂದಲೇ. ಕರೆ ಬಂದರೆ ಹಾಡು ನಿಲ್ಲುತ್ತದೆ, ಫೋನ್ ಹಿಡಿದು ಪಕ್ಕದ ಕೋಣೆಗೆ ಹೋದರೆ ತುಂಡಾಗುತ್ತದೆ. ನನಗೆ ಬೇಕಿದ್ದದ್ದು ಫೋನ್ ಬರೀ ರಿಮೋಟ್ ಆಗಿರುವ ವ್ಯವಸ್ಥೆ.

ಅದಕ್ಕಾಗಿ ಹಳೆಯದೊಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ತೆಗೆದುಕೊಂಡೆ. ಅದರ 3.5 ಎಂಎಂ ಜ್ಯಾಕ್ ಕೆಲಸ ಮಾಡುತ್ತದೆ, ಆದರೆ ಮೆಲುದನಿಯ ಭಾಗಗಳಲ್ಲಿ ಹಿಂದಿನಿಂದ ಸುಯ್ಯೆನ್ನುವ ಸದ್ದು. ಹಾಗಾಗಿ 40 ಪಿನ್‌ಗಳ ಮೇಲೆ ಕೂರುವ, ಪಿಸಿಎಂ 5122 ಚಿಪ್ ಇರುವ ಡಿಎಸಿ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಆಗಿಸುವ) ಬೋರ್ಡ್ ಹಾಕಿ, ಕಾನ್ಫಿಗ್ ಫೈಲ್‌ನಲ್ಲಿ ಪೈನ ಸ್ವಂತ ಆಡಿಯೊ ಆಫ್ ಮಾಡಿ, ಬೋರ್ಡ್ ಅನ್ನು ಪೈಗೆ ಪರಿಚಯಿಸುವ ಓವರ್‌ಲೇ ಸಾಲು ಸೇರಿಸಿದೆ.

ಸಾಫ್ಟ್‌ವೇರ್ ಎರಡು. ಐಫೋನ್‌ನಿಂದ ವೈಫೈ ಮೂಲಕ ಹಾಡು ಕಳಿಸುವ ಏರ್‌ಪ್ಲೇಗೆ ಶೇರ್‌ಪೋರ್ಟ್ ಸಿಂಕ್. ಇದರ ಮೂಲ 2011ರದು. ಜೇಮ್ಸ್ ಲೇರ್ಡ್ ಎಂಬ ಪ್ರೋಗ್ರಾಮರ್ ಆಪಲ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ ವೈಫೈ ಪೆಟ್ಟಿಗೆಯೊಳಗಿನ ಗುಪ್ತ ಕೀಲಿಯನ್ನು ಹೊರಗೆಳೆದದ್ದರಿಂದ ಸಾಧ್ಯವಾದದ್ದು. ಸ್ಪಾಟಿಫೈಗೆ ಲಿಬ್ರೆಸ್ಪಾಟ್, ಅದಕ್ಕೆ ಪ್ರೀಮಿಯಂ ಖಾತೆ ಬೇಕು. ನಾನು ಬಯಸಿದ್ದನ್ನು ಪೂರ್ತಿ ಕೊಡುವುದು ಈ ಎರಡನೆಯದೇ: ಹಾಡನ್ನು ಇಂಟರ್ನೆಟ್‌ನಿಂದ ಪೈ ತಾನೇ ಎಳೆದುಕೊಳ್ಳುತ್ತದೆ, ಫೋನ್ ಬಂದ್ ಮಾಡಿದರೂ ನುಡಿಯುತ್ತಲೇ ಇರುತ್ತದೆ. ಏರ್‌ಪ್ಲೇಯಲ್ಲಿ ಹಾಡು ಇನ್ನೂ ಫೋನ್ ದಾಟಿಯೇ ಬರುತ್ತದೆ, ಆದರೆ ವೈಫೈ ಮುಟ್ಟುವ ಕಡೆಯೆಲ್ಲ ಓಡಾಡಬಹುದು. ಇವನ್ನು ಕಮಾಂಡ್ ಟೈಪ್ ಮಾಡಿ ಹಾಕುವುದು ಬೇಸರವಾದರೆ ವಾಲ್ಯೂಮಿಯೊ ಅಥವಾ ಮೂಡ್ ಆಡಿಯೊದಂಥ ಮೆಮೊರಿ ಕಾರ್ಡ್‌ಗೆ ನೇರ ಬರೆಯುವ ಸಿದ್ಧ ಇಮೇಜ್‌ಗಳಿವೆ.

ಫೋನಿನ ಪಟ್ಟಿಯಲ್ಲಿ ಸ್ಟೀರಿಯೊ ಹೆಸರು ಕಾಣಿಸದಿದ್ದರೆ ಮೊದಲು ರೂಟರ್ ನೋಡಿ. ಫೋನ್, ಪೈ ಒಂದನ್ನೊಂದು ಎಂಡಿಎನ್‌ಎಸ್ ಎಂಬ ಮಲ್ಟಿಕಾಸ್ಟ್ ಕೂಗಿನಿಂದ ಪತ್ತೆ ಹಚ್ಚುತ್ತವೆ, ಆ ಕೂಗು ಗೆಸ್ಟ್ ನೆಟ್‌ವರ್ಕ್‌ನ ಗೋಡೆ ದಾಟುವುದಿಲ್ಲ. ಫೋನ್, ಪೈ ಎರಡೂ ಒಂದೇ ನೆಟ್‌ವರ್ಕ್‌ನಲ್ಲಿರಲಿ, ರೂಟರ್‌ನಲ್ಲಿ ಸಾಧನಗಳು ಒಂದನ್ನೊಂದು ಕಾಣದಂತೆ ತಡೆಯುವ ಕ್ಲೈಂಟ್ ಐಸೊಲೇಶನ್ ಆಫ್ ಇರಲಿ. ಹಾಡು ನಡುನಡುವೆ ಮುಗ್ಗರಿಸಿದರೆ ಪೈನ ವೈಫೈ ಪವರ್ ಸೇವ್ ತೆಗೆದುಹಾಕಿ 5 ಗಿಗಾಹರ್ಟ್ಸ್‌ಗೆ ಬದಲಿಸಿ. ಮೈಕ್ರೊವೇವ್ ಒಲೆಯ ಕಾಟ ಇರುವುದು 2.4ರಲ್ಲಿ.

ಇನ್ನು ವಾಲ್ಯೂಮ್. ಈ ವಿಷಯಕ್ಕೆ ಯಾರೂ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಫೋನಿನಲ್ಲೊಂದು, ಆಂಪ್ಲಿಫೈಯರ್‌ನಲ್ಲೊಂದು, ಹೀಗೆ ಎರಡು ಕಡೆ ಹಿಡಿತ ಇರುತ್ತದೆ. ಫೋನನ್ನು ತೀರಾ ಇಳಿಸಿ ಆಂಪ್ಲಿಫೈಯರ್‌ ಏರಿಸಿಟ್ಟರೆ ಮೂಲದ ದನಿ ಚಿಕ್ಕದಾಗುತ್ತದೆ, ಸುಯ್ಯೆಂಬ ಸದ್ದು ಹಾಗೇ ಉಳಿಯುತ್ತದೆ. ಮೇಲಾಗಿ ಯಾರೋ ಫೋನಿನಲ್ಲಿ ಫುಲ್ ಒತ್ತಿದರೆ ಸ್ಪೀಕರ್‌ನ ಟ್ವೀಟರ್ ಸುಟ್ಟುಹೋಗುವ ಅಪಾಯ. ಡಿಎಸಿ ಹೊರಹಾಕುವ ಸುಮಾರು 2 ವೋಲ್ಟ್ ಹಳೆಯ ಟೇಪ್ ಡೆಕ್‌ಗಿಂತ ಜೋರು ಬೇರೆ. ನಾನು ಮಾಡಿದ್ದಿಷ್ಟು: ಆಂಪ್ಲಿಫೈಯರ್‌ನ ಗುಂಡಿ ಸೊನ್ನೆಯಲ್ಲಿಟ್ಟು, ಫೋನಿನ ವಾಲ್ಯೂಮ್ ಪೂರ್ತಿ ಏರಿಸಿ, ಆಮೇಲೆ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತ ನಮ್ಮ ಮನೆಯಲ್ಲಿ ಇದಕ್ಕಿಂತ ಜೋರು ಯಾವತ್ತೂ ಬೇಡ ಎನ್ನುವಲ್ಲಿ ನಿಲ್ಲಿಸಿದೆ. ಆ ಜಾಗಕ್ಕೆ ಪೆನ್ಸಿಲ್ ಗೆರೆ. ಅಲ್ಲಿಂದಾಚೆ ಏರಿಳಿತವೆಲ್ಲ ಫೋನಿನಲ್ಲೇ.

ಕಡೆಯ ಕೆಲಸ ಮೆಮೊರಿ ಕಾರ್ಡ್‌ನದು. ಪೈ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ಎಲ್ಲ ಸರಿಯಾದ ಮೇಲೆ ಪೈನ ಸೆಟ್ಟಿಂಗ್ಸ್ ಮೆನುವಾದ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿದೆ. ಕಾರ್ಡ್‌ಗೆ ಏನೂ ಬರೆಯದೆ ಎಲ್ಲ ರ್‍ಯಾಮ್‌ನಲ್ಲೇ ನಡೆಯುತ್ತದೆ. ಅಪ್‌ಡೇಟ್ ಮಾಡುವಾಗ ಮಾತ್ರ ಅದನ್ನು ಆಫ್ ಮಾಡಬೇಕು. ಉಳಿದಂತೆ ಸ್ಟೀರಿಯೊ, ಪೈ ಎರಡಕ್ಕೂ ಈಗ ಒಂದೇ ಸ್ವಿಚ್.